ಅಗೆಯದೆ ನೆಲದೊಳಗಿನ ಮಠವನ್ನು ಕಾಣುವುದು ಹೇಗೆ?

ಹಾಳು ಬಿದ್ದ ಬಸದಿ, ಮಠಗಳ ಮಾತು ಬಂದಾಗಲೆಲ್ಲ "ಒಂದಿಷ್ಟು ಅಗೆದು ನೋಡಬಾರದೇ?" ಎಂದು ಸದಸ್ಯರು ಕೇಳುವುದುಂಟು. ಅಗೆಯುವುದೆಂದರೆ ಒಂದೇ ಪ್ರತಿಯಿರುವ ಕಡತವನ್ನು ಓದುತ್ತ ಓದುತ್ತ ಹರಿದಂತೆ. ಕಲಕಿದ ಮಣ್ಣಿನ ಪದರವನ್ನು ಮತ್ತೆ ಕೂಡಿಸಲಾಗದು. ಅಗೆಯದೆಯೇ ತಿಳಿಯುವ ದಾರಿಗೆ ಭೂಭೌತಿಕ ಸಮೀಕ್ಷೆ ಎಂದು ಹೆಸರು. ಅದರಲ್ಲಿ ಮೂರು ವಿಧಾನಗಳು ಮುಖ್ಯ.

1. ವಿದ್ಯುತ್ ರೋಧ ಮಾಪನ: ನೆಲಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಕಲ್ಲಿನ ಗೋಡೆ ಅದನ್ನು ತಡೆಯುತ್ತದೆ. ತೇವವುಳ್ಳ ಹಳೆಯ ಕಂದಕ ಸುಲಭವಾಗಿ ಬಿಡುತ್ತದೆ.

2. ಕಾಂತೀಯ ಮಾಪನ: ಒಲೆ, ಆವಿಗೆ, ಸುಟ್ಟ ಇಟ್ಟಿಗೆಗಳಿರುವಲ್ಲಿ ಭೂಮಿಯ ಕಾಂತಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಹತ್ತಿರ ತಂತಿಬೇಲಿಯಿದ್ದರೆ ಅಳತೆ ಕೆಡುತ್ತದೆ.

3. ಭೂರಾಡಾರ್: ರೇಡಿಯೋ ಅಲೆಗಳನ್ನು ಕೆಳಗೆ ಕಳಿಸಿ, ಅವು ಮರಳುವ ಸಮಯದಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಒದ್ದೆ ಜೇಡಿಮಣ್ಣಿನಲ್ಲಿ ಅಲೆಗಳು ಬೇಗ ಕ್ಷೀಣಿಸುತ್ತವೆ.

ಇಂಗ್ಲೆಂಡಿನ ಯಾರ್ಕ್‌ಷೈರಿನ ಫೌಂಟನ್ಸ್ ಅಬ್ಬೆ ಇದಕ್ಕೆ ಒಳ್ಳೆಯ ಉದಾಹರಣೆ. 1132ರಲ್ಲಿ ಸ್ಥಾಪನೆಯಾಗಿ, ಸಿಸ್ಟರ್ಸಿಯನ್ ಪಂಥಕ್ಕೆ ಸೇರಿ, ಉಣ್ಣೆಯ ವ್ಯಾಪಾರದಿಂದ ಶ್ರೀಮಂತವಾದ ಈ ಮಠವನ್ನು ಎಂಟನೇ ಹೆನ್ರಿಯ ಕಾಲದಲ್ಲಿ, 1539ರಲ್ಲಿ ಮುಚ್ಚಲಾಯಿತು. 1986ರಿಂದ ಅದು ವಿಶ್ವ ಪರಂಪರೆಯ ತಾಣ.

ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದವರು ಮತ್ತು ಅವರ ಸಹಯೋಗಿಗಳು ಅಲ್ಲಿ ಭೂರಾಡಾರ್ ಮೊದಲಾದವುಗಳಿಂದ ಸಮೀಕ್ಷೆ ನಡೆಸಿದರು. ಸ್ಕೆಲ್ ನದಿಯ ಬಳಿ ಹುಲ್ಲಿನಡಿ ಕಟ್ಟಡಗಳ ಬುಡ ಕಂಡಿತು. ಅವುಗಳಲ್ಲೊಂದು ಸುಮಾರು 16 ಮೀಟರ್ ಅಗಲ, 32 ಮೀಟರ್ ಉದ್ದ. ಸುತ್ತ ಒಳಗಟ್ಟು ಮಾಡಿದ ಗುಂಡಿಗಳು, ತೊಟ್ಟಿಗಳು, ಪಕ್ಕದಲ್ಲೇ ನೀರು. ಇವನ್ನೆಲ್ಲ ಸೇರಿಸಿ ನೋಡಿ, ಅದು ಚರ್ಮ ಹದ ಮಾಡುವ ಸ್ಥಳವೆಂದು 2020ರಲ್ಲಿ ಪ್ರಕಟಿಸಿದರು.

ಇದೇಕೆ ಮುಖ್ಯ? ಬಟ್ಟೆ, ಪಟ್ಟಿ, ಹಾಸಿಗೆಗಳಿಗೂ, ಗ್ರಂಥ ಬರೆಯುವ ಚರ್ಮದ ಹಾಳೆಗೂ ಮಠಕ್ಕೆ ತೊಗಲು ಬೇಕಿತ್ತು. ಆದರೆ ದುರ್ನಾತ, ಗದ್ದಲಗಳ ಕೆಲಸ ಪ್ರಾರ್ಥನೆಯ ಸ್ಥಳದಿಂದ ದೂರವಿತ್ತೆಂದು ಭಾವಿಸಲಾಗಿತ್ತು. ಅದು ಅಷ್ಟು ಹತ್ತಿರವಿತ್ತೆಂದು ಈಗ ತಿಳಿಯಿತು. ದುಡಿದ ಸಾಮಾನ್ಯ ಸೋದರರ ಬದುಕೂ ಮಠದ ಚರಿತ್ರೆಗೆ ಸೇರಿತು.

ಒಂದು ಮಿತಿ ನೆನಪಿರಲಿ. ಸಮೀಕ್ಷೆ ಆಕಾರವನ್ನು ತೋರಿಸುತ್ತದೆ, ಕಾಲವನ್ನು ಹೇಳುವುದಿಲ್ಲ. ಕಾಲ ತಿಳಿಯಲು ದಾಖಲೆ ಬೇಕು, ಇಲ್ಲವೇ ತಜ್ಞರು ಬಲ್ಲಂತೆ ಆರಿಸಿದ ಒಂದು ಸಣ್ಣ ಗುಂಡಿ ಬೇಕು.

ನಮ್ಮ ಕಡೆ ನಿಧಿಯಾಸೆಗೆ ಹಳೆಯ ಅಡಿಪಾಯಗಳನ್ನು ಕಿತ್ತವರಿಗೆ ಹೊನ್ನು ಸಿಗದಿರಬಹುದು. ಹಾಳಾದ ಚರಿತ್ರೆಯಂತೂ ಯಾರಿಗೂ ಮರಳಿ ಸಿಗದು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆದ್ದರಿಂದ ಹಾಳು ಗೋಡೆ, ಶಾಸನ ಕಂಡಲ್ಲಿ ಗುದ್ದಲಿ ಬೇಡ. ಚಿತ್ರ ತೆಗೆದು, ಜಾಗದ ಗುರುತು ಬರೆದಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಿರೆಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇವೆ.