ಫೌಂಡ್ ಫೂಟೇಜ್ ಭಯಾನಕ ಕಥಾಗುಚ್ಛ

ಮೃತರಾದ ಅಥವಾ ಕಣ್ಮರೆಯಾದ ಪಾತ್ರಗಳೇ ಚಿತ್ರಿಸಿ ಬಿಟ್ಟುಹೋದವೆಂದು ಕಲ್ಪಿತವಾದ ದೃಶ್ಯಸುರುಳಿಗಳನ್ನು ಒಂದು ಹೊರಕಥೆಯ ಸೂತ್ರದಲ್ಲಿ ಪೋಣಿಸಿ ತೋರಿಸುವ ಚಲನಚಿತ್ರಪ್ರಕಾರ. ಅಮೆರಿಕದ ‘ವಿ/ಎಚ್/ಎಸ್’ (2012) ಇದರ ಪ್ರಸಿದ್ಧ ನಿದರ್ಶನ. ಕನ್ನಡದಲ್ಲಿ ಇದರ ಎರಡು ಅಂಗಗಳಾದ ಕಥಾಗುಚ್ಛವೂ ಫೌಂಡ್ ಫೂಟೇಜೂ ಬೇರೆಬೇರೆಯಾಗಿಯೇ ಬೆಳೆದಿವೆ: ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ (1976) ಮೂರು ಕಥೆಗಳ ಗುಚ್ಛ, ಕೆ. ಎಸ್. ಅಶೋಕರ ‘6-5=2’ (2013) ಚಾರಣಕ್ಕೆ ತೆರಳಿದ ಗೆಳೆಯರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪದಲ್ಲಿ ಹೆಣೆದ ಭಯಾನಕ ಚಿತ್ರ. ಮಲ್ಪೆಯ ಕಡಲತೀರವನ್ನು ಆಶ್ರಯಿಸಿದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಭಯಾನಕವಲ್ಲದಿದ್ದರೂ, ಒಂದೇ ಘಟನೆಯನ್ನು ಹಲವರ ಕಣ್ಣುಗಳಿಂದ ಖಂಡಖಂಡವಾಗಿ ಕಾಣಿಸಬಲ್ಲ ಸಾಮರ್ಥ್ಯ ಈ ನೆಲಕ್ಕೆ ಅನ್ಯವಲ್ಲವೆಂಬುದನ್ನು ತೋರಿತು.

ಭಯವು ಸ್ವಭಾವತಃ ಅಲ್ಪಾಯುವಾದುದರಿಂದ ಕಿರುಗಾತ್ರವೇ ಈ ಪ್ರಕಾರದ ಮುಖ್ಯ ಬಲ. ಅಲ್ಪವ್ಯಯದಲ್ಲಿ, ತಾರೆಯರ ಹಂಗಿಲ್ಲದೆ, ಚೌಕಟ್ಟಿನ ಆಚೆಗಿರುವ ಅಗೋಚರವನ್ನೇ ಮುಖ್ಯ ಪಾತ್ರವಾಗಿಸುವ ಸ್ವಾತಂತ್ರ್ಯ ಅದರ ಮತ್ತೊಂದು ಸಂಪತ್ತು. ಆದರೆ ಪ್ರಾಣಾಪಾಯದಲ್ಲಿಯೂ ಕ್ಯಾಮೆರಾವನ್ನು ಏಕೆ ಕೆಳಗಿಡಲಿಲ್ಲವೆಂಬ ಪ್ರಶ್ನೆಗೆ ಪ್ರತಿ ಖಂಡವೂ ಹೊಸದಾಗಿ ಸಮಾಧಾನ ಹೇಳಬೇಕಾಗುತ್ತದೆ. ಅಲುಗಾಡುವ ಚಿತ್ರಿಕೆ ದಣಿಸುತ್ತದೆ. ನಿರ್ದೇಶಕರು ಹಲವರಾದಾಗ ಗುಣಮಟ್ಟ ಏರಿಳಿಯುತ್ತದೆ. ಹೊರಕಥೆಯಂತೂ ಬಹುಮಟ್ಟಿಗೆ ನಿಸ್ಸತ್ತ್ವ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಅಂತ್ಯದ ಏಕತಾನತೆ: ಸುರುಳಿ ದೊರೆತಿದೆಯೆಂದಾಗಲೇ ಚಿತ್ರಿಸಿದವನ ಗತಿ ಪ್ರೇಕ್ಷಕನಿಗೆ ವಿದಿತವಾಗಿರುತ್ತದೆ.

ಮಲ್ಪೆಯಿರುವ ಉಡುಪಿ ಜಿಲ್ಲೆಯ ಮಟ್ಟು, ಕಾಪು, ಕಾರ್ಕಳಗಳ ಸೀಮೆಯಲ್ಲಿ ಇಂಥ ಚಿತ್ರವನ್ನು ಮಾಡಹೊರಟವನಿಗೆ ಇನ್ನೊಂದು ಹೊಣೆಯೂ ಉಂಟು. ಇಲ್ಲಿ ಭೂತಾರಾಧನೆಯ ದೈವಗಳು ಜನರ ಜೀವಂತ ಶ್ರದ್ಧೆ. ಅವನ್ನು ಬರಿಯ ಬೆದರುಬೊಂಬೆಗಳನ್ನಾಗಿ ಬಳಸುವುದು ಕಲೆಯ ದೃಷ್ಟಿಯಿಂದಲೂ ಅನುಚಿತ.