ಮೀಟರಿನ ಎರಡು ತುದಿಗಳು

ಅತ್ಯಲ್ಪವಾದುದನ್ನೂ ಅತಿಮಹತ್ತಾದುದನ್ನೂ ಒಂದೇ ಲೆಕ್ಕದೊಳಗೆ ತರಬೇಕೆಂಬ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಆದಿಭಾಗದಲ್ಲಿಯೇ ಪರಮಾಣುವಿನಿಂದ ತೊಡಗಿ, ಎಂಟೆಂಟರ ಗುಣಾಕಾರದಿಂದ ಅಂಗುಲಕ್ಕೆ ಬಂದು, ಅಲ್ಲಿಂದ ಯೋಜನದವರೆಗೆ ಏರುವ ಸೋಪಾನವೊಂದನ್ನು ಕಟ್ಟಿದ್ದಾನೆ. ಆದರೆ ಅದರ ಮೆಟ್ಟಿಲುಗಳು ಸಮನಾಗಿರಲಿಲ್ಲ: ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಯೋಜನವನ್ನು ಅಂಗುಲಕ್ಕಿಳಿಸಹೊರಟವನು ಒಂದೊಂದು ಮೆಟ್ಟಿಲಿಗೂ ಬೇರೊಂದು ಗುಣಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿದ್ದಿತು.

ಮೆಟ್ಟಿಲುಗಳೆಲ್ಲವನ್ನೂ ಹತ್ತರ ಲೆಕ್ಕಕ್ಕೆ ತಂದ ಶ್ರೇಯಸ್ಸು ಮಹಾಕ್ರಾಂತಿಯ ಕಾಲದ ಫ್ರಾನ್ಸಿಗೆ ಸಲ್ಲುತ್ತದೆ. ಊರಿಗೊಂದು ಅಳತೆಯಿಂದ ಬೇಸತ್ತಿದ್ದ ಆ ದೇಶದ ವಿದ್ವಾಂಸರು, ಯಾವ ಅರಸನ ದೇಹಕ್ಕೂ ಸಂಬಂಧವಿರದ ಮಾನವನ್ನು ನಿಸರ್ಗದಲ್ಲಿಯೇ ಅರಸಿ, ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವೇ ಮೀಟರಾಗಬೇಕೆಂದು 1791ರಲ್ಲಿ ನಿಶ್ಚಯಿಸಿದರು. ಡೆಲಾಂಬ್ರ್ ಮತ್ತು ಮೆಷೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸೆಲೋನದವರೆಗೆ ತ್ರಿಕೋನಗಳನ್ನು ಹೆಣೆಯುತ್ತ ಅಳೆದರು. ಮೆಲೂನಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು, ನಾಲ್ಕು ಮೀಟರಿಗೂ ತುಸು ಕಡಮೆಯಾದ ಪ್ಲಾಟಿನಮ್ ಪಟ್ಟಿಗಳನ್ನು ಒಂದರ ಮುಂದೊಂದಿಟ್ಟು, ಬಿಸಿಲಿಗೆ ಲೋಹ ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಳೆಯಲಾಯಿತು. 1799ರಲ್ಲಿ ಸಿದ್ಧವಾದ ಪ್ಲಾಟಿನಮ್ ದಂಡವು ಉದ್ದೇಶಿತ ಪ್ರಮಾಣಕ್ಕಿಂತ ಸುಮಾರು 0.2 ಮಿಲಿಮೀಟರಿನಷ್ಟು ಗಿಡ್ಡವಾಗಿದ್ದಿತು. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿರುವ ಪ್ರಮಾಣವನ್ನು ಸರಿಯಾಗಿ ಎಣಿಸದುದೇ ಇದಕ್ಕೆ ಮುಖ್ಯ ಕಾರಣ.

ಮಹತ್ತಿನಿಂದ ಹುಟ್ಟಿದ ಮಾನವನ್ನು ಸೂಕ್ಷ್ಮದೊಡನೆ ಬೆಸೆದ ಕಾರ್ಯವು ಒಂದು ಶತಮಾನದ ತರುವಾಯ ನಡೆಯಿತು. 1892–93ರಲ್ಲಿ ಅಮೆರಿಕದ ಮೈಕೆಲ್ಸನ್, ಪ್ಯಾರಿಸಿನ ಸಮೀಪದ ಸೆವ್ರ್‌ನಲ್ಲಿದ್ದ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿ, ಕ್ಯಾಡ್ಮಿಯಮ್ಮಿನ ಕೆಂಪು ಬೆಳಕಿನ ಅಲೆಗಳಿಂದ ಮೀಟರನ್ನು ಅಳೆಯತೊಡಗಿದನು. ಹದಿನೈದು ಲಕ್ಷಕ್ಕೂ ಮಿಕ್ಕ ಅಲೆಗಳನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯವಾದುದರಿಂದ, ಅರ್ಧ ಮಿಲಿಮೀಟರಿಗೂ ಕಡಮೆ ಉದ್ದದ ಒಂದು ಮಾನದಲ್ಲಿ ಅಲೆಗಳನ್ನು ಎಣಿಸಿ, ಅದರ ಇಮ್ಮಡಿಯ ಮಾನದೊಡನೆ ಅದನ್ನು ಹೋಲಿಸಿ, ಹೀಗೆ ಒಂಬತ್ತನೆಯ ಮಾನದಲ್ಲಿ 10 ಸೆಂಟಿಮೀಟರ್ ತಲುಪಿ, ಅದನ್ನು ಹತ್ತು ಬಾರಿ ಮುಂದೊತ್ತಿ ಅವನು ಮೀಟರಿಗೆ ಬಂದನು. ದೊರೆತ ಉತ್ತರ 15,53,163.5 ಅಲೆಗಳು. 1960ರಲ್ಲಿ ಮೀಟರಿಗೆ ಕ್ರಿಪ್ಟಾನ್ ಅನಿಲದ ಬೆಳಕಿನ ಅಲೆಯೇ ಆಧಾರವಾಯಿತು. 1983ರಿಂದ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಕ್ರಮಿಸುವ ದೂರವೇ ಮೀಟರೆನಿಸಿದೆ.

ಭಾರತವು 1956ರ ಶಾಸನದಿಂದ ಮೀಟರಿನ ಈ ದಶಮಾನ ಪದ್ಧತಿಯನ್ನು ಅಂಗೀಕರಿಸಿತು. ಒಂದು ಕಿಲೋಮೀಟರಿಗೆ ಒಂದು ಲಕ್ಷ ಕೋಟಿ ನ್ಯಾನೋಮೀಟರುಗಳೆಂಬುದನ್ನು ಇಂದಿನ ವಿದ್ಯಾರ್ಥಿಯು ಒಂದರ ಮುಂದೆ ಹನ್ನೆರಡು ಸೊನ್ನೆಗಳನ್ನಿಟ್ಟು ಕ್ಷಣಮಾತ್ರದಲ್ಲಿ ಬರೆದುಬಿಡುತ್ತಾನೆ. ಈ ಸೌಲಭ್ಯವು ಬಿಸಿಲಿನಲ್ಲಿ ಪಟ್ಟಿಗಳನ್ನು ಜೋಡಿಸಿದವರ ಹಾಗೂ ಕತ್ತಲೆಯ ಕೋಣೆಯಲ್ಲಿ ಅಲೆಗಳನ್ನು ಎಣಿಸಿದವರ ಪರಿಶ್ರಮದ ಫಲವೆಂಬುದನ್ನು ಉಪಾಧ್ಯಾಯರು ಸೊನ್ನೆಗಳ ಪಾಠದೊಡನೆಯೇ ತಿಳಿಸುವರಾದರೆ, ಗಣಿತವು ಬಾಲಕರಿಗೆ ಬರಿಯ ಕಂಠಪಾಠವಾಗಿ ಉಳಿಯದೆ ಮಾನವಪ್ರಯತ್ನದ ಚರಿತ್ರೆಯಾಗಿಯೂ ತೋರೀತು.