ಹಳೆಯ ಪಾಠಗಳ ಭಾರ

ದಿನದಿನವೂ ತಿದ್ದುಪಡಿ ಹೊಂದುವ ಪ್ರೋಗ್ರಾಮಿನ ಹಿಂದಿನ ರೂಪಗಳನ್ನೆಲ್ಲ ಕಾಪಿಡಬೇಕೆಂಬ ಅಪೇಕ್ಷೆ, ಅವನ್ನು ಇರಿಸಲು ಸ್ಥಳ ಸಾಲದೆಂಬ ಚಿಂತೆಯೊಡನೆಯೇ ಹುಟ್ಟಿತು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯು ಪ್ರತಿಯೊಂದು ಆವೃತ್ತಿಯನ್ನೂ ಇಡಿಯಾಗಿ ಬರೆದಿಡದೆ, ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಂದೇ ಕಡತದಲ್ಲಿ ಹೆಣೆದು, ಯಾವ ಸಾಲು ಎಂದು ಸೇರಿತು, ಎಂದು ಅಳಿಯಿತು ಎಂಬ ಗುರುತುಗಳನ್ನು ನಡುನಡುವೆ ಇರಿಸುತ್ತಿತ್ತು. ಡಿಸ್ಕಿನ ಮಟ್ಟಿಗೆ ಇದು ಮಿತವ್ಯಯವೇ ಸರಿ. ಆದರೆ ನಿನ್ನೆಯ ಪ್ರತಿಯನ್ನು ಬೇಡಿದವನಿಗಾಗಿಯೂ ಇಡೀ ಕಡತವನ್ನು ಆದ್ಯಂತವಾಗಿ ಓದಬೇಕಾಗುತ್ತಿತ್ತು.

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಟಿಖಿ 1982ರ ವೇಳೆಗೆ ಹೊರತಂದ ಆರ್‌ಸಿಎಸ್ ಈ ಕ್ರಮವನ್ನು ತಿರುವುಮುರುವು ಮಾಡಿತು. ಜನ ಬಹುಮಟ್ಟಿಗೆ ಬೇಡುವುದು ಇತ್ತೀಚಿನ ಆವೃತ್ತಿಯನ್ನಾದುದರಿಂದ ಅದನ್ನು ಅಖಂಡವಾಗಿಟ್ಟು, ಪೂರ್ವರೂಪಗಳನ್ನು ಅದರಿಂದ ಹಿಂದಕ್ಕೆ ಸಾಗುವ ವ್ಯತ್ಯಾಸಗಳಾಗಿ, ಎಂದರೆ ಡೆಲ್ಟಾಗಳಾಗಿ, ಉಳಿಸಿತು. ಈ ತಿರುವಿನಲ್ಲಿ ಗಣಿತಕ್ಕಿಂತ ಲೋಕಾನುಭವವೇ ಹೆಚ್ಚೆಂದು ನನಗೆ ತೋರುತ್ತದೆ. ಅನಂತರದ ಸಿವಿಎಸ್ ಎಂಬ ವ್ಯವಸ್ಥೆ ಈ ಆರ್‌ಸಿಎಸ್‌ನ ಮೇಲೆಯೇ ನಿಂತಿತು.

2005ರ ಏಪ್ರಿಲಿನಲ್ಲಿ, ಲಿನಕ್ಸ್ ಬಳಗಕ್ಕೆ ಬಿಟ್‌ಕೀಪರ್ ಎಂಬ ಇಂತಹುದೇ ವ್ಯವಸ್ಥೆಯ ಉಚಿತ ಬಳಕೆ ತಪ್ಪಿಹೋದಾಗ, ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್ ಮೊದಲಿಗೆ ಈ ಮಿತವ್ಯಯವನ್ನೆಲ್ಲ ಬದಿಗಿಟ್ಟು, ಪ್ರತಿಯೊಂದು ಕಡತದ ಪ್ರತಿಯೊಂದು ರೂಪವನ್ನೂ ಕುಗ್ಗಿಸಿ ಬೇರೆಬೇರೆಯಾಗಿ ಇರಿಸುತ್ತಿತ್ತು. ಡಿಸ್ಕ್ ಅಗ್ಗವೆಂಬ ಆ ಔದಾರ್ಯ ಬಹುಕಾಲ ನಡೆಯಲಿಲ್ಲ. ಕೆಲವೇ ತಿಂಗಳಲ್ಲಿ, ಹೀಗೆ ಇರಿಸಿದ ರೂಪಗಳಲ್ಲಿ, ಎಂದರೆ ವಸ್ತುಗಳಲ್ಲಿ, ಪರಸ್ಪರ ಹೋಲುವವನ್ನು ಡೆಲ್ಟಾಗಳಾಗಿ ಒಂದೇ ಕಟ್ಟಿನಲ್ಲಿ ಸೇರಿಸುವ ಪ್ಯಾಕ್ ಪದ್ಧತಿ ಬಂದಿತು. ಡಿಸ್ಕಿನಲ್ಲಿ ಉಳಿದುದರ ಬೆಲೆಯನ್ನು ಈಗ ಮೆಮೊರಿಯು ತೆರಬೇಕಾಯಿತು.

ಏಕೆಂದರೆ ಹೋಲಿಕೆಯನ್ನು ಅರಸುವ ಕಾರ್ಯವು, ಹಲವು ತಾಳೆಗರಿ ಪ್ರತಿಗಳನ್ನು ಏಕಕಾಲಕ್ಕೆ ಬಿಚ್ಚಿ ಪಾಠಾಂತರ ನೋಡುವ ಗ್ರಂಥಸಂಪಾದಕನ ಕಾರ್ಯದಂತೆ, ಮುಂದೆ ಹರಡಿಕೊಳ್ಳಲು ಎಡೆಯನ್ನು ಬೇಡುತ್ತದೆ. ಗಿಟ್ ಸಾಮಾನ್ಯವಾಗಿ 10 ವಸ್ತುಗಳ ಒಂದು ಕಿಟಕಿಯನ್ನು ತೆರೆದು ಹೋಲಿಸುತ್ತದೆ. ಆ ಸಂಖ್ಯೆಯನ್ನು ಹೆಚ್ಚಿಸಿದಷ್ಟೂ ಕಟ್ಟು ಕಿರಿದಾಗಬಹುದು, ಮೆಮೊರಿಯ ಹೊರೆ ಮಾತ್ರ ಹಿರಿದಾಗುತ್ತದೆ. 2007ರ ಕೊನೆಯಲ್ಲಿ ಜಿಸಿಸಿ ಕಂಪೈಲರಿನ ದೀರ್ಘ ಇತಿಹಾಸವನ್ನು 250ರ ಕಿಟಕಿಯಿಂದ ಕಟ್ಟಹೊರಟಾಗ ಕಟ್ಟು ಅತ್ಯಂತ ಚಿಕ್ಕದಾಯಿತಾದರೂ, ಕಟ್ಟುವ ಯಂತ್ರದ ಮೆಮೊರಿ ಗಿಗಾಬೈಟುಗಟ್ಟಲೆ ಉಬ್ಬಿತು. ಅದೇ ವರ್ಷ ಕಿಟಕಿಗೆ ಬೈಟುಗಳ ಮಿತಿಯನ್ನು ವಿಧಿಸುವ ಅನುಕೂಲವೂ ಸೇರಿತ್ತು; ಆದರೆ ಆ ಮಿತಿ ಪ್ರತಿಯೊಂದು ಥ್ರೆಡ್ಡಿಗೂ, ಎಂದರೆ ಏಕಕಾಲಕ್ಕೆ ಸಾಗುವ ಕೆಲಸದ ಒಂದೊಂದು ಎಳೆಗೂ, ಬೇರೆಯಾದುದರಿಂದ, ಥ್ರೆಡ್ಡುಗಳನ್ನು ನಾಲ್ಕು ಮಾಡಿದವನು ಮಿತಿಯನ್ನೂ ನಾಲ್ಮಡಿಸಿದಂತಾಗುತ್ತಿತ್ತು.

ಓದುವಾಗಿನ ಕಷ್ಟ ಬೇರೆಯದು. 32 ಬಿಟ್ ಯಂತ್ರದ ವಿಳಾಸಾವಕಾಶವೇ 4 ಗಿಗಾಬೈಟಾಗಿರುವಲ್ಲಿ ದೊಡ್ಡ ಕಟ್ಟನ್ನು ಸಮಗ್ರವಾಗಿ ಮೆಮೊರಿಗೆ ಹೊಂದಿಸುವುದು ಆಗದ ಮಾತು. ಆದ್ದರಿಂದ 2007ರ ಫೆಬ್ರುವರಿಯ ಗಿಟ್ 1.5.0 ಆವೃತ್ತಿಯಿಂದ, ಬೇಕಾದ ಭಾಗವನ್ನಷ್ಟೇ ತೆರೆದು ಮುಚ್ಚುವ ಏರ್ಪಾಡಾಯಿತು. ಮುಂದೆ, 512 ಮೆಗಾಬೈಟಿಗಿಂತ ದೊಡ್ಡ ಕಡತಗಳಿಗೆ ಡೆಲ್ಟಾದ ಗೊಡವೆಯೇ ಬೇಡವೆಂದು ನಿಶ್ಚಯಿಸಲಾಯಿತು.

2018ರ 2.18ನೆಯ ಆವೃತ್ತಿಯ ಕೆಲಸ ಇವೆಲ್ಲಕ್ಕಿಂತ ನಿರಾಡಂಬರವಾದುದು. ಕಟ್ಟುವ ಹೊತ್ತಿನಲ್ಲಿ ಒಂದೊಂದು ವಸ್ತುವಿಗೂ ಮೆಮೊರಿಯಲ್ಲಿ ಒಂದು ಚಿಕ್ಕ ದಾಖಲೆ ಇರುತ್ತದೆ. ಅದರೊಳಗಿನ ಅಂಕಿಗಳನ್ನು ಕಡಮೆ ಬಿಟ್ಟುಗಳಲ್ಲಿ ಒತ್ತಾಗಿ ಕೂರಿಸಿ ಕೆಲವು ಬೈಟುಗಳನ್ನು ಉಳಿಸಿದರು. ಕೆಲವೇ ಬೈಟುಗಳೆಂಬುದು ನಿಜವೇ. ಆದರೆ ಲಿನಕ್ಸಿನ ಇತಿಹಾಸದಲ್ಲಿ ಅಂತಹ ವಸ್ತುಗಳು ಆಗಲೇ ಅರುವತ್ತು ಲಕ್ಷವನ್ನು ಮೀರಿದ್ದುವು.